ಚೀನಾಕ್ಕೆ ಹೊರಟ ಇಂಗ್ಲಿಷ್ ಮೇಷ್ಟರು

ವಿಲಿಯಂ ಎಂಪ್ಸನ್‌ಗೆ 1937ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಆಗ ಆತನ ವಯಸ್ಸು ಮೂವತ್ತು. ಇಪ್ಪತ್ತನಾಲ್ಕಕ್ಕೇ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಟಿ' ಎಂಬ ಗ್ರಂಥ ಪ್ರಕಟಿಸಿ ಹೆಸರಾದ ವಿಮರ್ಶಕ, ಕವಿಯೂ ಹೌದು. ಜಪಾನಿನಲ್ಲಿ ಮೂರು ವರ್ಷ ಪಾಠ ಹೇಳಿ ಬಂದಿದ್ದನಾದ್ದರಿಂದ ಪೂರ್ವ ದೇಶಗಳು ಹೊಸತೇನೂ ಆಗಿರಲಿಲ್ಲ. ಸೈಬೀರಿಯಾ ದಾಟುವ ರೈಲು ಹತ್ತಿ ಹೊರಟ. ಆತ ತಲುಪುವ ಹೊತ್ತಿಗೆ ಪೀಕಿಂಗ್ ನಗರ ಜಪಾನಿ ಸೈನ್ಯದ ಕೈಯಲ್ಲಿತ್ತು. ಕೆಲಸ ಕೊಟ್ಟ ವಿಶ್ವವಿದ್ಯಾಲಯ ಊರು ಬಿಟ್ಟು ದಕ್ಷಿಣಕ್ಕೆ ಹೊರಟಿತ್ತು.

ಎಂಪ್ಸನ್ ಹಿಂದಿರುಗಲಿಲ್ಲ. ವಿಶ್ವವಿದ್ಯಾಲಯವನ್ನು ಹುಡುಕಿಕೊಂಡು ತಾನೂ ದಕ್ಷಿಣಕ್ಕೆ ನಡೆದ. ಪೀಕಿಂಗ್, ಸಿಂಗ್‌ಹುವಾ ಮತ್ತು ಟಿಯಾನ್‌ಜಿನ್ ನಗರದ ನಾನ್‌ಕಾಯ್ ವಿಶ್ವವಿದ್ಯಾಲಯಗಳು ಒಂದಾಗಿ ಹುನಾನ್ ಪ್ರಾಂತ್ಯದ ಚಾಂಗ್ಷಾದಲ್ಲಿ ತಾತ್ಕಾಲಿಕವಾಗಿ ನೆಲೆ ಊರಿದ್ದವು. ಅವುಗಳ ಕಲಾ ವಿಭಾಗ ನಾನ್ಯುಯೆ ಎಂಬ ಪವಿತ್ರ ಬೆಟ್ಟದ ಮೇಲೆ ಬಿಡಾರ ಹೂಡಿತ್ತು. ಗ್ರಂಥಾಲಯ ಹಿಂದೆಯೇ ಉಳಿದುಹೋಗಿತ್ತು. ಪಠ್ಯಗಳಿಲ್ಲ. ಎಂಪ್ಸನ್ ತನಗೆ ಬಾಯಿಪಾಠವಿದ್ದ ಇಂಗ್ಲಿಷ್ ಕಾವ್ಯವನ್ನು ನೆನಪಿನಿಂದ ಟೈಪ್ ಮಾಡಿ ತರಗತಿಗೆ ತರುತ್ತಿದ್ದ. ಇಡೀ 'ಒಥೆಲೊ' ನಾಟಕವನ್ನೇ ಹೀಗೆ ನೆನಪಿನಿಂದ ಇಳಿಸಿದನೆಂದು ಆ ಕಾಲದ ವಿದ್ಯಾರ್ಥಿಗಳು ಕತೆ ಹೇಳುತ್ತಿದ್ದರು. ಕತೆಯಲ್ಲಿ ಸ್ವಲ್ಪ ಉಪ್ಪು ಖಾರ ಸೇರಿದ್ದರೂ ಇರಬಹುದು. ಆದರೆ ಪುಸ್ತಕವಿಲ್ಲದೆ ಪಾಠ ನಡೆದದ್ದು ನಿಜ.

1938ರಲ್ಲಿ ಅಲ್ಲಿಂದಲೂ ಗುಳೆ. ಸುಮಾರು ಮುನ್ನೂರು ಮಂದಿ ವಿದ್ಯಾರ್ಥಿಗಳು, ಅಧ್ಯಾಪಕರು ಚಾಂಗ್ಷಾದಿಂದ ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್‌ವರೆಗೆ ಸಾವಿರದ ಆರುನೂರು ಕಿಲೋಮೀಟರಿನಷ್ಟು ದಾರಿಯನ್ನು ಬಹುಪಾಲು ಕಾಲ್ನಡಿಗೆಯಲ್ಲೇ ಸವೆಸಿದರು. ಎಂಪ್ಸನ್ ಬೇರೆ ದಾರಿಯಿಂದ ಹೋಗಿ ಮೊದಲು ಮೆಂಗ್ಜಿಯಲ್ಲಿ, ಅನಂತರ ಕುನ್ಮಿಂಗ್‌ನಲ್ಲಿ ಪಾಠ ಮುಂದುವರಿಸಿದ. ಆ ತರಗತಿಗಳಲ್ಲಿ ಕುಳಿತವರಲ್ಲಿ ವಾಂಗ್ ಜುವೊಲಿಯಾಂಗ್, ಕವಿ ಮೂ ದಾನ್ ಮುಂತಾದವರಿದ್ದರು. ಮುಂದೆ ಚೀನಾದಲ್ಲಿ ಇಂಗ್ಲಿಷ್ ಸಾಹಿತ್ಯದ ಅಧ್ಯಯನವನ್ನು, ಅನುವಾದವನ್ನು ಕಟ್ಟಿ ನಿಲ್ಲಿಸಿದವರು ಇವರೇ.

ಇಂಗ್ಲಿಷ್ ಕಲಿಸಲು ಚೀನಾಕ್ಕೆ ಹೊರಡುವವರ ಪಾಲಿಗೆ ಎಂಪ್ಸನ್‌ನ ಪ್ರಸಂಗ ಹಳೆಯದಾಗಿಲ್ಲ. ಯುದ್ಧ ಎಲ್ಲರಿಗೂ ಎದುರಾಗುವುದಿಲ್ಲ, ಸರಿ. ಆದರೆ ಅರ್ಜಿ ಹಾಕಿದಾಗ ಚೀನಾಕ್ಕೆ ಯಾವ ಇಂಗ್ಲಿಷ್ ಬೇಕಿತ್ತೋ, ಪೆಟ್ಟಿಗೆ ಇಳಿಸುವ ಹೊತ್ತಿಗೆ ಅದೇ ಬೇಕಾಗಿರುತ್ತದೆಂಬ ಖಾತರಿ ಕಳೆದ ನೂರು ವರ್ಷಗಳಲ್ಲಿ ಯಾರಿಗೂ ಸಿಕ್ಕಿಲ್ಲ.

ಎಂಪ್ಸನ್‌ನ ಗುರು ಐ.ಎ. ರಿಚರ್ಡ್ಸ್‌ನನ್ನೇ ನೋಡಿ. ನಮ್ಮ ಕಾಲೇಜುಗಳಲ್ಲಿ ವಿಮರ್ಶೆ ಓದಿದವರಿಗೆಲ್ಲ ಈ ಹೆಸರು ಗೊತ್ತು. 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಪರೀಕ್ಷೆಯ ಪ್ರಶ್ನೆಯಾಗಿ ಎಷ್ಟೋ ಮಂದಿಯ ನಿದ್ದೆಗೆಡಿಸಿದೆ. ಆ ಪುಸ್ತಕ ಹೊರಬಂದ 1929ರಲ್ಲೇ ಆತ ಸಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದ. ಅಲ್ಲಿ ಹಾರ್ಡಿಯ 'ಟೆಸ್' ಕಾದಂಬರಿ ಓದಿಸುವಾಗ ನಡೆದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಟೆಸ್‌ಗೆ ಗಲ್ಲಾದುದರ ಗುರುತಾಗಿ ಕರಿಯ ಬಾವುಟ ಏರುವ ಭಾಗ ಬಂದಾಗ ತರಗತಿ ಚಪ್ಪಾಳೆ ತಟ್ಟಿತಂತೆ. ಕಾರಣ ವಿಚಾರಿಸಿದರೆ, ಕತೆಯ ಆರಂಭದಲ್ಲಿ ಆಕೆ ತಂದೆಗೆ ತೋರಬೇಕಾದ ಗೌರವ ತೋರಲಿಲ್ಲ, ಹಾರ್ಡಿ ಕೊನೆಗೂ ತಕ್ಕ ಶಾಸ್ತಿ ಮಾಡಿದ ಎಂಬುದು ಅವರ ಭಾವನೆ. ಇಡೀ ಕಾದಂಬರಿಯ ಕರುಣೆಯನ್ನು ಕೇಂಬ್ರಿಜ್‌ನಿಂದ ಹೊತ್ತು ತಂದಿದ್ದ ಮೇಷ್ಟರಿಗೆ ಅದು ಬಾಗಿಲಲ್ಲೇ ತಡೆದಂತಾಗಿರಬೇಕು.

ಇಂಥ ಅಪಾರ್ಥಗಳಿಗೆ ರಿಚರ್ಡ್ಸ್ ಕಂಡುಕೊಂಡ ಔಷಧಿ 'ಬೇಸಿಕ್ ಇಂಗ್ಲಿಷ್'. ಆತನ ಗೆಳೆಯ ಸಿ.ಕೆ. ಆಗ್ಡನ್ ರೂಪಿಸಿದ ಈ ಪದ್ಧತಿಯಲ್ಲಿ ಒಟ್ಟು ಇರುವುದು 850 ಪದಗಳು. ಕ್ರಿಯಾಪದಗಳು ಹದಿನೆಂಟೇ. ಇಷ್ಟರಲ್ಲೇ ವ್ಯವಹಾರವನ್ನೆಲ್ಲ ಸಾಗಿಸಬಹುದು, ಚೀನಾದ ಶಾಲೆಗಳಿಗೆ ಇದೇ ತಕ್ಕದ್ದು ಎಂದು ನಂಬಿ ಆತ 1936ರಲ್ಲಿ ಮತ್ತೆ ಹೊರಟ. ಅಧಿಕಾರಿಗಳ ಮನವೊಲಿಸಿದ. ಶಾಲೆಗಳಲ್ಲಿ ಜಾರಿಯಾಗಬಹುದೆಂಬ ಹಂತಕ್ಕೆ ಮಾತು ಬಂದಿತ್ತು. ಅಷ್ಟರಲ್ಲಿ 1937ರ ಜುಲೈ, ಯುದ್ಧ. ಯೋಜನೆ ಅಲ್ಲಿಗೆ ಮುಗಿಯಿತು. ಆದರೆ ರಿಚರ್ಡ್ಸ್‌ಗೆ ಚೀನಾದ ಹಂಬಲ ಮಾತ್ರ ಬಿಡಲಿಲ್ಲ. 86ರ ಇಳಿವಯಸ್ಸಿನಲ್ಲಿ, 1979ರಲ್ಲಿ, ಉಪನ್ಯಾಸ ಕೊಡಲೆಂದು ಮತ್ತೆ ಹೋದ. ಅಲ್ಲೇ ಕಾಯಿಲೆ ಬಿದ್ದು, ಕೇಂಬ್ರಿಜ್‌ಗೆ ಮರಳಿದ ಮೇಲೆ ತೀರಿಕೊಂಡ.

ಬೇಕಾದಾಗ ಬಾ, ಬೇಡವಾದಾಗ ಹೋಗು

ನಡುವಿನ ವರ್ಷಗಳಲ್ಲಿ ಆ ದೇಶದಲ್ಲಿ ಇಂಗ್ಲಿಷ್ ಕಂಡ ಏರಿಳಿತ ಸಾಮಾನ್ಯವಾದದ್ದಲ್ಲ. 1949ರ ಕ್ರಾಂತಿಯ ಬಳಿಕ ರಷ್ಯನ್ ಭಾಷೆಗೆ ಪಟ್ಟ. ಇಂಗ್ಲಿಷ್ ವಿಭಾಗಗಳು ಕುಗ್ಗಿದವು. ಇಂಗ್ಲಿಷ್ ಅಧ್ಯಾಪಕರು ರಾತ್ರಿ ಕುಳಿತು ರಷ್ಯನ್ ಅಕ್ಷರ ತಿದ್ದಿ ಹಗಲು ಅದನ್ನೇ ಕಲಿಸಬೇಕಾಯಿತು. ಸೋವಿಯೆತ್ ಸ್ನೇಹ ಹಳಸಿದ ಮೇಲೆ, 1964ರ ಯೋಜನೆಯಲ್ಲಿ ಇಂಗ್ಲಿಷಿಗೆ ಮತ್ತೆ ಮೊದಲ ವಿದೇಶಿ ಭಾಷೆಯ ಸ್ಥಾನ. ಎರಡೇ ವರ್ಷಕ್ಕೆ ಸಾಂಸ್ಕೃತಿಕ ಕ್ರಾಂತಿ ಬಂತು. ಶಾಲೆಗಳು ಮುಚ್ಚಿದವು, ವಿದೇಶಿ ಭಾಷೆ ಬಲ್ಲವನ ಮೇಲೆ ಗೂಢಚಾರನೆಂಬ ಗುಮಾನಿ. ಮತ್ತೆ ಪಾಠ ಶುರುವಾದಾಗ ಪುಸ್ತಕದ ಮೊದಲ ವಾಕ್ಯವೇ ಮಾವೋಗೆ ಜಯಕಾರ. ಈ ವರ್ಷಗಳಲ್ಲಿ ಬೆಳೆದ ಒಂದು ಇಡೀ ಪೀಳಿಗೆ ಕಾಲೇಜಿನ ಮುಖ ನೋಡಲಿಲ್ಲ.

1977ರ ಕೊನೆಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಮರಳಿತು. 1982ರಲ್ಲಿ ಬಿಬಿಸಿಯ 'ಫಾಲೋ ಮಿ' ಎಂಬ ಪಾಠಮಾಲೆ ಚೀನಾದ ದೂರದರ್ಶನದಲ್ಲಿ ಆರಂಭವಾದಾಗ ಟೀವಿ ಇದ್ದ ಮನೆಗಳಿಗೆ ನೆರೆಹೊರೆಯೆಲ್ಲ ನೆರೆಯುತ್ತಿತ್ತು. ನಮ್ಮಲ್ಲಿ 'ರಾಮಾಯಣ' ಧಾರಾವಾಹಿಗೆ ಆದಂತೆ ಅನ್ನಿ. ಅದನ್ನು ನಡೆಸಿಕೊಡುತ್ತಿದ್ದ ಕ್ಯಾಥಿ ಫ್ಲವರ್ ಎಂಬ ಇಂಗ್ಲಿಷ್ ಶಿಕ್ಷಕಿ ಚೀನಾದಲ್ಲಿ ಮನೆಮಾತಾದಳು. ಅದೇ ವರ್ಷ ಯೇಲ್‌ನಲ್ಲಿ ಚೀನೀ ಸಾಹಿತ್ಯ ಓದಿದ ಮಾರ್ಕ್ ಸಾಲ್ಜ್‌ಮನ್ ಎಂಬ ತರುಣ ಚಾಂಗ್ಷಾದ ವೈದ್ಯಕೀಯ ಕಾಲೇಜಿಗೆ ಇಂಗ್ಲಿಷ್ ಕಲಿಸಲು ಹೋದ. ಎರಡು ವರ್ಷ ಕಲಿಸಿದ, ಜೊತೆಗೆ ಅಲ್ಲಿನ ಗುರುಗಳಿಂದ ಕತ್ತಿವರಸೆ, ಸುಂದರ ಲಿಪಿ ಕಲಿತ. 'ಐರನ್ ಅಂಡ್ ಸಿಲ್ಕ್' ಎಂಬ ಆತನ ಪುಸ್ತಕದಲ್ಲಿ ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು.

ಫೂಲಿಂಗ್‌ನಲ್ಲಿ ಎರಡು ವರ್ಷ

ಈ ಸಾಲಿನಲ್ಲಿ ತುಸು ನಿಂತು ನೋಡಬೇಕಾದವನು ಪೀಟರ್ ಹೆಸ್ಲರ್. ಅಮೆರಿಕದ ಪೀಸ್ ಕೋರ್ ಎಂದರೆ ನಮ್ಮ ಹಿರಿಯರಿಗೆ ನೆನಪಿದ್ದೀತು. ಅರುವತ್ತರ ದಶಕದಲ್ಲಿ ಮೈಸೂರು ರಾಜ್ಯದ ಹಳ್ಳಿಗಳಿಗೂ ಕೋಳಿ ಸಾಕಣೆ ಮೊದಲಾದವನ್ನು ತಿಳಿಸಿಕೊಡಲು ಅದರ ತರುಣರು ಬಂದಿದ್ದರು. ಚೀನಾಕ್ಕೆ ಅವರು 1989ರಲ್ಲೇ ಹೊರಡಬೇಕಿತ್ತು. ಟಿಯಾನನ್‌ಮೆನ್ ಚೌಕದ ಘಟನೆಯಿಂದ ತಡವಾಗಿ 1993ರಲ್ಲಿ ಹೊರಟರು. ಮಾವೋ ಕಾಲದ ಪ್ರಚಾರದಲ್ಲಿ ಆ ಸಂಸ್ಥೆಯ ಹೆಸರು ಬೈಗುಳವಾಗಿದ್ದುದರಿಂದ 'ಅಮೆರಿಕ-ಚೀನಾ ಸ್ನೇಹ ಸ್ವಯಂಸೇವಕರು' ಎಂದು ಹೆಸರು ಬದಲಿಸಿಕೊಂಡೇ ಹೋಗಬೇಕಾಯಿತು. 1996ರ ಆಗಸ್ಟ್ ಕೊನೆಯಲ್ಲಿ ಹೆಸ್ಲರ್ ಹಾಗೂ ಇನ್ನೊಬ್ಬ ಸ್ವಯಂಸೇವಕ ಚೊಂಗ್‌ಚಿಂಗ್‌ನಿಂದ ಯಾಂಗ್ಟ್ಸೆ ನದಿಯ ದೋಣಿಯಲ್ಲಿ ಫೂಲಿಂಗ್ ಎಂಬ ಊರಿಗೆ ಬಂದಿಳಿದರು. ಆ ಊರಿಗೆ ಆಗ ರೈಲಿಲ್ಲ, ಹೆದ್ದಾರಿಯಿಲ್ಲ. ಇಡೀ ಊರು ಬೆಟ್ಟದ ಮೆಟ್ಟಿಲುಗಳ ಮೇಲೆ ನಿಂತಿತ್ತು. ಅಮೆರಿಕದವರು ಅಲ್ಲಿ ವಾಸಕ್ಕೆ ಬಂದು ಐವತ್ತು ವರ್ಷವಾಗಿತ್ತು. ಬೀದಿಗೆ ಇಳಿದರೆ ಸಾಕು, ವಿದೇಶಿ ಬಂದ ಎಂದು ಕೂಗುತ್ತ ಜನ ಮುತ್ತಿಕೊಳ್ಳುತ್ತಿದ್ದರು.

ಕೆಲಸ ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. ವಿದ್ಯಾರ್ಥಿಗಳು ಬಹುಪಾಲು ಸಿಚುವಾನ್‌ನ ಹಳ್ಳಿಗಳ ರೈತರ ಮಕ್ಕಳು. ಓದು ಮುಗಿಸಿ ಮತ್ತೆ ಹಳ್ಳಿ ಶಾಲೆಗಳಿಗೇ ಇಂಗ್ಲಿಷ್ ಕಲಿಸಲು ಹೋಗಬೇಕಾದವರು. ಹೆಸ್ಲರ್ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಂದವ. ಶೇಕ್ಸ್‌ಪಿಯರನ ಸುನೀತವೊಂದನ್ನು ಹೇಳಿಕೊಟ್ಟು, ಅದರಲ್ಲಿ ಬರುವ ಚೆಲುವೆ ಹೇಗಿದ್ದಾಳೆಂದು ನೀವು ಊಹಿಸುತ್ತೀರಿ ಎಂದು ಕೇಳಿದರೆ, ಹುಡುಗರು ಹಳೆಯ ಚೀನೀ ಕಾವ್ಯದ ನಾಯಿಕೆಯನ್ನೇ ತಂದು ನಿಲ್ಲಿಸಿದರು. ರಿಚರ್ಡ್ಸ್‌ನಿಗೆ ಆಘಾತವಾಗಿದ್ದ ಜಾಗದಲ್ಲಿ ಇವನಿಗೆ ಖುಷಿಯಾಯಿತು. ಕಾಲೇಜು ಕೊಟ್ಟ ಪಠ್ಯದಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಮಾರ್ಕ್ಸ್‌ವಾದದ ಕನ್ನಡಕ ತೊಡಿಸಿದ್ದರು. ಪಠ್ಯ ಒಂದು ಹೇಳಿದರೆ ಕಾವ್ಯವೇ ಇನ್ನೊಂದು ಹೇಳುತ್ತಿತ್ತು, ಹಳ್ಳಿಯ ಮಕ್ಕಳಿಗೆ ಎರಡೂ ಕೇಳುತ್ತಿತ್ತು.

ತರಗತಿಯಿಂದ ಹೊರಗೆ ಹೆಸ್ಲರ್‌ನದು ತದ್ವಿರುದ್ಧ ಪಾತ್ರ. ಚೀನೀ ಕಲಿಸಲು ಇಟ್ಟುಕೊಂಡ ಶಿಕ್ಷಕಿ ಪ್ರತಿ ತಪ್ಪಿಗೂ 'ಬುದುಯ್' ಎನ್ನುತ್ತಿದ್ದಳು. ಎಂದರೆ 'ತಪ್ಪು'. ಚೀನೀಯಲ್ಲಿ ಒಂದೇ ಶಬ್ದಕ್ಕೆ ನಾಲ್ಕು ಸ್ವರ, ಸ್ವರ ಹೊರಳಿದರೆ ಅರ್ಥವೂ ಹೊರಳಿತು. ಬಾಯಿ ತೆರೆದರೆ ಬುದುಯ್, ಮತ್ತೆ ತೆರೆದರೆ ಮತ್ತೂ ಬುದುಯ್. ಬೆನ್ನು ತಟ್ಟಿ ಕಲಿಸುವ ಅಮೆರಿಕನ್ ಪದ್ಧತಿಗೆ ಒಗ್ಗಿದವನಿಗೆ ಇದು ಮೈ ಉರಿಸುತ್ತಿತ್ತು. ಆದರೆ ಆ ಹಟದಲ್ಲೇ ಆತ ಭಾಷೆ ಕಲಿತ. ಎರಡನೆಯ ವರ್ಷ ಊರಿನವರ ಜೊತೆ ಸಲೀಸಾಗಿ ಹರಟುವಷ್ಟಾದ. ಕಲಿಸುವವನು ದಿನಕ್ಕೊಂದು ಹೊತ್ತಾದರೂ ದಡ್ಡ ವಿದ್ಯಾರ್ಥಿಯಾಗಿ ಕೂರುವುದು ಒಳ್ಳೆಯ ತರಬೇತಿ. ಯಾವ ಸರ್ಟಿಫಿಕೇಟ್ ಕೋರ್ಸಿನಲ್ಲೂ ಅದು ಸಿಗಲಾರದು. 2001ರಲ್ಲಿ ಆತ ಬರೆದ 'ರಿವರ್ ಟೌನ್' ಓದಿಯೇ ಚೀನಾಕ್ಕೆ ಹೋಗುವ ಮನಸ್ಸು ಮಾಡಿದವರು ಬಹಳ.

ಆ ಬಾಗಿಲೂ ಮುಚ್ಚಿದೆ. ಪೀಸ್ ಕೋರ್ ಚೀನಾದ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ 2020ರ ಜನವರಿಯಲ್ಲಿ ಪ್ರಕಟಿಸಿತು. ಕೊರೊನಾ ಬಂದು ಇದ್ದವರನ್ನೂ ಅವಸರದಲ್ಲಿ ಹೊರಡಿಸಿತು. ಅಷ್ಟರೊಳಗೆ 1300ಕ್ಕೂ ಮಿಕ್ಕಿ ಸ್ವಯಂಸೇವಕರು ಹೋಗಿ ಬಂದಿದ್ದರು. ಹೆಸ್ಲರ್ 2019ರಲ್ಲಿ ಮತ್ತೆ ಹೋಗಿ ಸಿಚುವಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 2021ರಲ್ಲಿ ಒಪ್ಪಂದ ಮುಂದುವರಿಯಲಿಲ್ಲ.

ಸುಗ್ಗಿ ಮತ್ತು ಬರ

2001ರಲ್ಲಿ ಮೂರನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ತೀರ್ಮಾನ. ಅದೇ ವರ್ಷ ಒಲಿಂಪಿಕ್ಸ್ ಬೀಜಿಂಗಿಗೆ ಒಲಿಯಿತು, ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯತ್ವವೂ ಸಿಕ್ಕಿತು. ಅಲ್ಲಿಂದ ಇಪ್ಪತ್ತು ವರ್ಷ ಸುಗ್ಗಿ. ಊರೂರಿಗೆ ಟ್ಯೂಷನ್ ಕೇಂದ್ರಗಳೆದ್ದವು. ಬಿಳಿಯ ಮುಖವೊಂದು ಗಾಜಿನ ಬಾಗಿಲಲ್ಲಿ ಕಂಡರೆ ಸಾಕು, ಫೀಸು ಏರುತ್ತಿತ್ತು. ಪಾಠ ಹೇಳಲು ಬರುತ್ತದೆಯೇ ಎಂದು ಕೇಳಿದವರು ಕಡಿಮೆ. ಆಮೇಲೆ ಹೋಗುವ ಅಗತ್ಯವೂ ಇಲ್ಲವಾಯಿತು. 2013ರಲ್ಲಿ ಆರಂಭವಾದ ವಿಐಪಿಕಿಡ್ ಎಂಬ ಕಂಪನಿಗೆ ಅಮೆರಿಕ, ಕೆನಡಾಗಳ ಹತ್ತಾರು ಸಾವಿರ ಶಿಕ್ಷಕರು ಮನೆಯಲ್ಲೇ ಕುಳಿತು ಪಾಠ ಹೇಳುತ್ತಿದ್ದರು. ಚೀನಾದ ಸಂಜೆ ಅಲ್ಲಿನ ಬೆಳಗಿನ ಜಾವ. ಕಿತ್ತಳೆ ಬಣ್ಣದ ಟೀ ಶರ್ಟ್ ತೊಟ್ಟು, ಕಣ್ಣುಜ್ಜಿಕೊಂಡು ಕಂಪ್ಯೂಟರ್ ಮುಂದೆ ಕೈ ಬೀಸುತ್ತಿದ್ದ ಶಿಕ್ಷಕಿಯರಲ್ಲಿ ಎಷ್ಟೋ ಮಂದಿಗೆ ಅದರಿಂದಲೇ ಸಂಸಾರ ಸಾಗುತ್ತಿತ್ತು.

2021ರ ಜುಲೈ 24ರಂದು ಸರ್ಕಾರ 'ಇಮ್ಮಡಿ ಹೊರೆ ಇಳಿಕೆ' ಎಂಬ ಆಜ್ಞೆ ಹೊರಡಿಸಿತು. ಮಕ್ಕಳ ಹೋಂವರ್ಕ್ ಇಳಿಯಬೇಕು, ಟ್ಯೂಷನ್ ಇಳಿಯಬೇಕು. ಶಾಲಾ ವಿಷಯಗಳಿಗೆ ಟ್ಯೂಷನ್ ಕೊಡುವ ಕಂಪನಿಗಳು ಲಾಭ ಮಾಡುವಂತಿಲ್ಲ. ದೇಶದ ಹೊರಗಿರುವ ವಿದೇಶಿಯರಿಂದ ಆನ್‌ಲೈನ್ ಪಾಠ ಮಾಡಿಸುವಂತಿಲ್ಲ. ಮುಂದಿನ ತಿಂಗಳೇ ಶಾಂಘೈ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷಿನ ವಾರ್ಷಿಕ ಪರೀಕ್ಷೆಯನ್ನು ಕೈಬಿಟ್ಟಿತು. ನ್ಯೂ ಓರಿಯೆಂಟಲ್ ಎಂಬ ದೈತ್ಯ ಸಂಸ್ಥೆ ಅರುವತ್ತು ಸಾವಿರ ಜನರನ್ನು ಕೆಲಸದಿಂದ ತೆಗೆಯಿತೆಂದು ಅದರ ಸ್ಥಾಪಕ ಯು ಮಿನ್‌ಹಾಂಗ್ 2022ರ ಆರಂಭದಲ್ಲಿ ಹೇಳಿಕೊಂಡ. ಉಳಿದ ಮೇಷ್ಟರುಗಳಲ್ಲಿ ಕೆಲವರು ಕಂಪನಿ ತೆರೆದ ಇಂಟರ್‌ನೆಟ್ ಅಂಗಡಿಯಲ್ಲಿ ಅಕ್ಕಿ, ಮೆಕ್ಕೆಜೋಳ, ಮಾಂಸ ಮಾರತೊಡಗಿದರು. ಅವರಲ್ಲೊಬ್ಬ ದೋಂಗ್ ಯುಹುಯ್. ಸರಕನ್ನು ತೋರಿಸುತ್ತ ಪಕ್ಕದ ಬಿಳಿ ಹಲಗೆಯ ಮೇಲೆ ಅದರ ಇಂಗ್ಲಿಷ್ ಪದ ಬರೆದು ವಿವರಿಸುತ್ತಿದ್ದ. ಆ ವರ್ಷದ ಜೂನ್‌ನಲ್ಲಿ ದೇಶವೇ ಅವನ ಪಾಠ ಕೇಳಿತು, ಅಕ್ಕಿಯನ್ನೂ ಕೊಂಡಿತು.

ಹುಟ್ಟುವ ಮಕ್ಕಳೂ ಕಡಿಮೆಯಾಗಿದ್ದಾರೆ. 2016ರಲ್ಲಿ ಒಂದು ಕೋಟಿ 78 ಲಕ್ಷ ಶಿಶುಗಳು ಜನಿಸಿದ್ದರೆ 2023ರಲ್ಲಿ 90 ಲಕ್ಷ. ಇಂಗ್ಲಿಷ್ ಹಾಡು ಹೇಳಿಸಲು ವಿದೇಶಿಯರನ್ನು ಕರೆಸಿಕೊಳ್ಳುತ್ತಿದ್ದ ಶಿಶುವಿಹಾರಗಳು ಸಾವಿರ ಸಾವಿರ ಲೆಕ್ಕದಲ್ಲಿ ಮುಚ್ಚುತ್ತಿವೆ.

ಕಾಗದಗಳ ಕಟ್ಟು

ಇಷ್ಟಾದರೂ ಹೊರಡುವವರಿದ್ದಾರೆ. ಈಗ ಹೊರಡುವವನ ಮೊದಲ ಆರು ತಿಂಗಳು ಕಾಗದಕ್ಕೇ ಮೀಸಲು. ಪದವಿ ಪತ್ರ, ಅದು ಅಸಲಿಯೆಂಬುದಕ್ಕೆ ಮುದ್ರೆ, ಪೊಲೀಸರ ನಡತೆ ಪತ್ರ, ವೈದ್ಯಕೀಯ ತಪಾಸಣೆ, ಎರಡು ವರ್ಷ ಕಲಿಸಿದ ಅನುಭವ ಇಲ್ಲವೇ 120 ಗಂಟೆಗಳ ತರಬೇತಿಯ ಸರ್ಟಿಫಿಕೇಟ್. ಇಷ್ಟೂ ಸೇರಿದರೆ ಕೆಲಸದ ಪರವಾನಗಿ, ಅದಿದ್ದರೆ 'ಝಡ್' ವೀಸಾ. ಪ್ರವಾಸಿ ವೀಸಾದಲ್ಲಿ ಬಂದುಬಿಡಿ, ಆಮೇಲೆ ಸರಿಪಡಿಸೋಣ ಎನ್ನುವ ಏಜೆಂಟರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ಮಾತು ಕೇಳಿದವರು ದಂಡ ತೆತ್ತದ್ದಿದೆ, ಲಾಕಪ್ ಕಂಡದ್ದೂ ಇದೆ.

ಹೋದ ಮೇಲೆ ಸಿಗುವ ತರಗತಿ ಯಾವುದು? ಸಾಮಾನ್ಯವಾಗಿ 'ಮಾತಿನ ಇಂಗ್ಲಿಷ್'. ಕಾಲೇಜು ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ ಇಂಗ್ಲಿಷಿಗೆ 150. ಆ ಅಂಕಗಳನ್ನು ಗೆದ್ದುಕೊಡುವ ವ್ಯಾಕರಣ, ಓದು, ಬರಹ ಚೀನೀ ಅಧ್ಯಾಪಕರ ಕೈಯಲ್ಲಿ ಭದ್ರವಾಗಿದೆ. ವಿದೇಶಿಯ ಪಾಲಿಗೆ ಬರುವುದು ವಾರಕ್ಕೊಮ್ಮೆ ಐವತ್ತು ಹುಡುಗರ ಮುಂದೆ ಒಂದು ಪೀರಿಯಡ್. ಓದಲು, ಬರೆಯಲು ಬಲ್ಲ, ಆದರೆ ಬಾಯಿ ಬಿಡದ ಇಂಗ್ಲಿಷಿಗೆ ಅಲ್ಲಿನವರೇ 'ಮೂಕ ಇಂಗ್ಲಿಷ್' ಎಂದು ಹೆಸರಿಟ್ಟಿದ್ದಾರೆ. ಮೂಕರ ಬಾಯಿ ಬಿಡಿಸುವ ಕನಸು ಹೊತ್ತು ಬಂದವನಿಗೆ ತನ್ನ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನವರು ಗಣಿತದ ಲೆಕ್ಕ ಮಾಡುತ್ತಿರುವುದು ಎರಡನೆಯ ವಾರಕ್ಕೆ ಕಾಣುತ್ತದೆ. ಅವರ ಮೇಲೆ ಸಿಟ್ಟಾಗುವಂತಿಲ್ಲ. ಜೂನ್ ತಿಂಗಳ ಆ ಪರೀಕ್ಷೆಯಲ್ಲಿ ಅವರ ಬದುಕು ತೀರ್ಮಾನವಾಗುತ್ತದೆ, ಮೇಷ್ಟರದಲ್ಲ.

ಇನ್ನು ನಮ್ಮವರ ಮಾತು. ನಿಯಮದ ಪ್ರಕಾರ ವಿದೇಶಿ ಭಾಷಾ ಶಿಕ್ಷಕರು ತತ್ತ್ವತಃ ತಮ್ಮ ದೇಶದ ಮಾತೃಭಾಷೆಯನ್ನೇ ಕಲಿಸಬೇಕು. ಇಂಗ್ಲಿಷಿನ ಮಟ್ಟಿಗೆ ಅಧಿಕಾರಿಗಳು ರೂಢಿಯಲ್ಲಿ ಲೆಕ್ಕಕ್ಕೆ ಹಿಡಿಯುವ ದೇಶಗಳು ಏಳು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತ ಅದರಲ್ಲಿಲ್ಲ. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಇಂಗ್ಲಿಷ್ ಎಂ.ಎ. ಮಾಡಿ, ಮನೆಯಲ್ಲಿ ಒಂದು ಇಂಗ್ಲಿಷ್ ಪದವೂ ಕಿವಿಗೆ ಬೀಳದ ಮಕ್ಕಳಿಗೆ ಇಪ್ಪತ್ತು ವರ್ಷ ಅದನ್ನು ಕಲಿಸಿದ ಅಧ್ಯಾಪಕಿಗೆ ಸಾಮಾನ್ಯವಾಗಿ ಅಲ್ಲಿ ಇಂಗ್ಲಿಷ್ ಶಿಕ್ಷಕಿಯ ಪರವಾನಗಿ ದಕ್ಕುವುದಿಲ್ಲ. ಡಬ್ಲಿನ್‌ನಲ್ಲಿ ವಾಣಿಜ್ಯ ಪದವಿ ಪಡೆದು, ಒಮ್ಮೆಯೂ ಬಳಪ ಹಿಡಿಯದೆ, ತಿಂಗಳೊಪ್ಪತ್ತಿನಲ್ಲಿ 120 ಗಂಟೆ ಮುಗಿಸಿದ ಹುಡುಗನಿಗೆ ದಕ್ಕುತ್ತದೆ. ಸಿಚುವಾನ್‌ನ ಹಳ್ಳಿಯ ಹುಡುಗಿಗೂ ನಮ್ಮ ಹಾವೇರಿಯ ಹುಡುಗಿಗೂ ಇಂಗ್ಲಿಷಿನಲ್ಲಿ ತೊಡಕಾಗುವ ಜಾಗಗಳು ಬಹುಮಟ್ಟಿಗೆ ಒಂದೇ ಆಗಿರುವಾಗ, ಆ ತೊಡಕನ್ನು ತಾನೇ ದಾಟಿ ಬಂದವಳನ್ನು ಬಿಟ್ಟು ಅದರ ಅರಿವೇ ಇಲ್ಲದವನನ್ನು ಕರೆಸಿಕೊಳ್ಳುವುದು ಯಾವ ಲೆಕ್ಕ? ಉಚ್ಚಾರಣೆಗಾಗಿ ಎನ್ನುತ್ತಾರೆ. ಇಂಗ್ಲಿಷನ್ನು ಓದಿ ಕಲಿತ ವಾಂಗ್ ಜುವೊಲಿಯಾಂಗ್‌ನಂಥವರಿಂದಲೇ ಅಲ್ಲಿನ ಇಂಗ್ಲಿಷ್ ಬೆಳೆದದ್ದು ಈ ಲೆಕ್ಕಕ್ಕೆ ಬಂದಂತಿಲ್ಲ.

ಭಾರತದ ಪಾಸ್‌ಪೋರ್ಟಿನಲ್ಲಿ ಹೋಗಿ ಕಲಿಸುತ್ತಿರುವವರೂ ಇಲ್ಲದಿಲ್ಲ. ಕೆಲವರು ಅಂತಾರಾಷ್ಟ್ರೀಯ ಶಾಲೆಗಳಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಾರೆ. ಅದಕ್ಕಿಂತ ಹೆಚ್ಚು ಮಂದಿ ಚೀನಾದ ನಗರಗಳಲ್ಲಿ ಯೋಗ ಕಲಿಸುತ್ತಿದ್ದಾರೆ. ಆ ಪರವಾನಗಿಗೆ ಏಳು ದೇಶಗಳ ಲೆಕ್ಕ ಇಲ್ಲ. ಉಸಿರು ಒಳಗೆ, ಉಸಿರು ಹೊರಗೆ ಎಂದು ಅವರು ಹೇಳಿಕೊಡುವುದು, ಚೀನೀ ಬಾಯಿಗೆ ಹತ್ತುವವರೆಗೆ, ಇಂಗ್ಲಿಷಿನಲ್ಲೇ.